ಗಂಗಮ್ಮ ಸುತ್ತಿದ ಚುಟ್ಟ

ಕಳೆದ ಭಾನುವಾರ ಜವನಗೊಂಡನಹಳ್ಳಿಯಲ್ಲಿ ನಾನೊಂದು ಹೊಗೆಸೊಪ್ಪಿನ ಚುಟ್ಟ ಸುತ್ತಿದೆ. ಸ್ಕೇಲಿನಷ್ಟು ನೇರ. ತುದಿಯಿಂದ ತುದಿಗೆ ಒಂದೇ ದಪ್ಪ. ಬೆಂಕಿ ಹಚ್ಚಿ ಕೊಟ್ಟರೆ, ಗೆಳೆಯ ಜುಂಜಣ್ಣನ ಕೆನ್ನೆ ಒಳಕ್ಕೆ ಹೋಯಿತೇ ಹೊರತು ಹೊಗೆ ಬರಲಿಲ್ಲ.

"ಚೆನ್ನಾಗೈತೆ. ಗೋಡೆಗೆ ಗೂಟ ಹೊಡಿಯಾಕೆ ಬತ್ತೈತೆ," ಎಂದ.

ಕುರಿ ಕಾಯುತ್ತಲೇ ಮುದುಕನಾದ ಜುಂಜಣ್ಣನಿಗೆ ಈ ಬೇಸಿಗೆಯಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಬೇರೆಯವರು ಕಲಸಿಕೊಟ್ಟ ಊಟವನ್ನು ಸಹಿಸಿಕೊಂಡ. ಚುಟ್ಟ ಮಾತ್ರ ತನ್ನ ಕೈಯದೇ ಆಗಬೇಕಿತ್ತು. (ಡಾಕ್ಟರು ದಿನಕ್ಕೊಂದಕ್ಕೆ ಒಪ್ಪಿದ್ದಾರೆ.) ಅಂಗಡಿಯದು ಸೇರದು. ಸೊಸೆ ಸುತ್ತಿದ್ದು ಸಡಿಲವಾಗಿ, ಒಂದೇ ಮಗ್ಗುಲಲ್ಲಿ ಉರಿದುಹೋಯಿತಂತೆ. ನನ್ನದು ಬಿಗಿ. ಇನ್ನು ಬಿಟ್ಟೇಬಿಡುತ್ತೇನೆಂದು ಟ್ರಾನ್ಸಿಸ್ಟರ್ ಆರಿಸಿ ಗೋಡೆಗೆ ಮುಖ ಮಾಡಿದ.

ಬಿಡುವುದು ಒಳ್ಳೆಯದೇ ಅಲ್ಲವೇ? ಆದರೆ ಚುಟ್ಟದ ಜೊತೆಗೆ ಇನ್ನೂ ಏನೇನನ್ನೋ ಬಿಡುವವನ ದನಿ ಅದು.

ಒಲೆ ಮುಂದಿದ್ದ ಅವನ ಹೆಂಡತಿ ಗಂಗಮ್ಮ ಎದ್ದು ಬಂದರು. ಮದುವೆಯಾದಂದಿನಿಂದ ಈ ಹೊಗೆಯನ್ನು ಬೈದವರು. ಹೊಗೆಸೊಪ್ಪಿನ ಡಬ್ಬಿಯನ್ನು ಕಾಲಲ್ಲೇ ಸರಿಸುತ್ತಿದ್ದವರು. ಅದೇ ಡಬ್ಬಿಯನ್ನು ಮುಂದಕ್ಕೆಳೆದುಕೊಂಡು ಕೂತರು.

ಎಲೆಗೆ ನೀರು ಚಿಮುಕಿಸಿ, ನಡುವಿನ ನರ ಕಿತ್ತರು. ಒಳಗಿನ ಸೊಪ್ಪನ್ನು ಮುದುಡದೆ ಉದ್ದುದ್ದಕ್ಕೆ ಜೋಡಿಸಿದರು. (ಸಂದಿಯಲ್ಲಿ ಗಾಳಿ ಓಡಬೇಕಲ್ಲ!) ಮೇಲೆಲೆಯನ್ನು ಓರೆಯಾಗಿ ಸುತ್ತಿದರು. ಚುಟ್ಟದ ಹೊಟ್ಟೆಯ ಹತ್ತಿರ ಬೆರಳು ಸಡಿಲ, ಬಾಯಿಗಿಡುವ ತುದಿಯಲ್ಲಿ ಬಿಗಿ. ರಾಗಿ ಗಂಜಿ ಸವರಿ ಅಂಟಿಸಿ, ಒಲೆಯ ಶಾಖಕ್ಕೆ ಹಿಡಿದರು. ನಡು ಉಬ್ಬಿ, ತುದಿ ಸಣ್ಣಗಾದ ಚುಟ್ಟ! ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಜುಂಜಣ್ಣ ಎಡಗೈಯಲ್ಲಿ ಹಿಡಿದು ಎಳೆದ. ಕೆನ್ನೆ ಗುಳಿ ಬೀಳಲಿಲ್ಲ. ಹೊಗೆ ಕರೆದಂತೆ ಬಂತು. ಬೆಂಕಿ ಸುತ್ತಲೂ ಒಂದೇ ಸಮ. ಆದರೂ ತಪ್ಪು ಹುಡುಕದಿದ್ದರೆ ಅವನು ಗಂಡನೇ?

"ನಾನ್ ಸುತ್ತಿದ್ದಕ್ಕಿಂತ ತುದಿ ಸಣ್ಣ ಐತೆ."

"ನಿನ್ ಬಾಯಿ ಈಗ ಎಷ್ಟು ಸೊಟ್ಟಗೈತೆ ನೋಡ್ಕಂಡೀಯಾ? ದಪ್ಪ ಆದ್ರೆ ತುಟೀಲಿ ನಿಲ್ತದಾ?"

ನಾನು ದಂಗಾದೆ. ಲಕ್ವ ಎಳೆದ ತುಟಿಯ ಅಳತೆಯೂ ಆ ಬೆರಳುಗಳಿಗೆ ಗೊತ್ತಿತ್ತು! ಜುಂಜಣ್ಣ ಇನ್ನೊಂದು ದಮ್ಮು ಎಳೆದ. ಆಮೇಲೆ ಮೆಲ್ಲಗೆ ಕೇಳಿದ:

"ಯಾವಾಗ ಕಲ್ತೆ ಲೇ?"

"ದಿನಾ ಬೈತಿದ್ನಲ್ಲ, ಕಣ್ಮುಚ್ಕಂಡು ಬೈತಿದ್ನಾ?"

ಓದುಗರೇ, ನಿಮ್ಮನ್ನು ದಿನವೂ ಬೈಯುವವರು ನಿಮ್ಮಲ್ಲಿ ಏನೇನು ನೋಡಿಟ್ಟುಕೊಂಡಿದ್ದಾರೆ, ಬಲ್ಲಿರಾ?