ಎರಡು ಅರ್ಧ ಬೇಲಿ

ಹತ್ತಿ ಅಕ್ಕನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಮರ್ಯಾದೆ ಏರುತ್ತಿತ್ತು. ಚೆನ್ನಾಗಿದ್ದ ದಿನಗಳಲ್ಲಿ "ಏನೋ, ಬಾರೋ" ಎಂದು ಕರೆಯುತ್ತಿದ್ದ ಪಕ್ಕದ ವೆಲ್ಡಿಂಗ್‌ನವನನ್ನು "ನೀವು", "ತಾವು" ಎನ್ನತೊಡಗಿದಾಗಲೇ ಬೇಲಿಯ ವಿಷಯ ಕೆಟ್ಟಿದೆ ಎಂದು ಬೀದಿಗೆಲ್ಲ ಗೊತ್ತಾಯಿತು.

ಅಕ್ಕನದು ಹಾಸಿಗೆ ಹೊಲಿಯುವ ಕೆಲಸ. ಗಂಡ ತೀರಿಕೊಂಡ ಮೇಲೆ ಹತ್ತಿ ಹಿಂಜುವ ಯಂತ್ರ, ದಬ್ಬಣ, ದಾರದ ಉಂಡೆ ಎಲ್ಲ ಅವಳ ಕೈಗೇ ಬಂದವು. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಹತ್ತಿ ಬಿಸಿಲಿಗೆ ಹರಡುವ ಅಂಗಳ. ಕೂದಲಲ್ಲಿ, ಹುಬ್ಬಿನಲ್ಲಿ, ಕುಡಿಯುವ ಚಹಾದ ಕೆನೆಯ ಮೇಲೂ ಹತ್ತಿಯ ಎಳೆ. ಹೆಸರು ಬಂದದ್ದೇ ಹಾಗೆ. ಪಕ್ಕದವನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು. ಗೇಟು, ಕಿಟಕಿಯ ಸರಳು ಮಾಡುವವನು. ಮಾತೂ ಕೆಲಸದ ಹಾಗೆಯೇ, ಮುಟ್ಟಿದರೆ ಚುರ್ ಎನ್ನುವುದು. ಹತ್ತಿಯನ್ನೂ ಕಿಡಿಯನ್ನೂ ಅಕ್ಕಪಕ್ಕ ಕೂರಿಸಿದ ಪುಣ್ಯಾತ್ಮ ಯಾರೋ, ಇಷ್ಟು ವರ್ಷ ಇಬ್ಬರನ್ನೂ ಕಾದದ್ದು ನಡುವಿನ ಹಲಗೆ ಬೇಲಿ. ಗೆದ್ದಲು ತಿಂದು ಟೊಳ್ಳಾಗಿದ್ದ ಅದು ಒಂದು ಸಂಜೆಯ ಗಾಳಿಗೆ ಉದ್ದಕ್ಕೂ ಮಲಗಿಬಿಟ್ಟಿತು.

ಕಿಡಿ ಹಾರಿಸುವವರು ನೀವು, ಬೇಲಿಯ ಖರ್ಚೂ ನಿಮ್ಮದೇ ಎಂದಳು ಅಕ್ಕ. ನನ್ನ ಕಿಡಿ ನನ್ನ ನೆಲದ ಮೇಲೆ ಬಿದ್ದು ಆರುತ್ತದೆ, ಹೊತ್ತಿಕೊಳ್ಳುವ ಸಾಮಾನು ಇಟ್ಟುಕೊಂಡವರು ಬೇಲಿ ಹಾಕಿಸಿಕೊಳ್ಳಲಿ ಎಂದ ಅವನು. ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಒಬ್ಬರದಾದರೂ ತಪ್ಪಾಗಿದ್ದರೆ ಜಗಳ ಬೇಗ ಮುಗಿಯುತ್ತಿತ್ತು.

ಅಕ್ಕನಿಗೆ ಅದು ಹುಡುಗಾಟದ ಕಾಲವಾಗಿರಲಿಲ್ಲ. ಒಂದು ಹಾಸ್ಟೆಲ್‌ನ ಹಾಸಿಗೆಗಳನ್ನೆಲ್ಲ ಹೊಲಿದುಕೊಡಲು ಒಪ್ಪಿಕೊಂಡಿದ್ದಳು. ಮನೆ ಪತ್ರ ಅಡವಿಟ್ಟು ಹತ್ತಿ ತರಿಸಿದ್ದಳು. ಹತ್ತಿ ಸುಟ್ಟರೆ ಮನೆ ಹೋದಂತೆಯೇ. ಇದು ಗೊತ್ತಿದ್ದೂ ಅವಳು ಪಟ್ಟು ಬಿಡಲಿಲ್ಲ ಎಂದರೆ ಹಠ ಎಷ್ಟಿತ್ತು ನೋಡಿ.

ಕೊನೆಗೆ ಕಿಡಿಯ ಹೆಂಡತಿ, ಇಬ್ಬರ ಮಾತನ್ನೂ ಹೊತ್ತು ಅತ್ತಿಂದಿತ್ತ ಓಡಾಡಿ ಸುಸ್ತಾದವಳು, ಅರ್ಧ ನೀವು ಹಾಕಿ, ಅರ್ಧ ಅವರು ಹಾಕಲಿ ಎಂದು ಒಪ್ಪಿಸಿದಳು. ಯಾವ ಅರ್ಧ ಯಾರದು ಎಂದು ಯಾರೂ ಕೇಳಲಿಲ್ಲ. ಅಕ್ಕ ಒಂದು ಭಾನುವಾರ ತಗಡು ತರಿಸಿ ಬೀದಿ ಕಡೆಯ ಅರ್ಧ ಹಾಕಿಸಿಬಿಟ್ಟಳು. ಗಿರಾಕಿಗಳ ಕಣ್ಣಿಗೆ ಬೀಳುವುದು ಅದೇ ತಾನೇ. ಊರಿಗೆ ಹೋಗಿದ್ದ ಕಿಡಿ ಬಂದು ನೋಡಿದ. ಅವನಿಗೂ ಅದೇ ಅರ್ಧ ಬೇಕಿತ್ತು. ತನ್ನ ಕೈಕೆಲಸ ಬೀದಿಗೆ ಕಾಣಬೇಕೆಂದು ಬಳ್ಳಿ ಬಿಡಿಸಿದ ಚೌಕಟ್ಟು ಮಾಡಿ, ಬಣ್ಣ ಹೊಡೆದು ಇಟ್ಟುಕೊಂಡಿದ್ದ. ಮುಖ ಗಂಟಿಕ್ಕಿಕೊಂಡು, ಅಕ್ಕನ ತಗಡಿನಿಂದ ಒಂದು ಗೇಣು ಬಿಟ್ಟು ಅದನ್ನು ತನ್ನ ನೆಲದಲ್ಲಿ ನೆಟ್ಟುಬಿಟ್ಟ.

ಹೀಗೆ ಬೀದಿ ಕಡೆ ಎರಡೆರಡು ಬೇಲಿ, ಹಿಂದೆ ಒಂದೂ ಇಲ್ಲ. ಬೀದಿಯವರು ನಕ್ಕೂ ನಕ್ಕೂ ಸುಸ್ತಾದರು. ಹತ್ತಿ ಹರಡುವುದು ಹಿಂದೆ, ಅವನ ಗ್ರೈಂಡರ್ ಇರುವುದೂ ಹಿಂದೆ. ಸರಿಸಬೇಕಾದವರು ನೀವು ಎಂದು ಅಕ್ಕ ಹೇಳಿ ಕಳಿಸಿದಳು. ಮೊದಲು ಹಾಕಿದವರೇ ಮೊದಲು ಸರಿಸಲಿ ಎಂದು ಉತ್ತರ ಬಂತು. ಅವನ ಹೆಂಡತಿ ಇನ್ನು ನನ್ನ ಕೈಲಾಗದು ಎಂದು ಕೈಚೆಲ್ಲಿ ಕುಳಿತಳು.

ಅಲ್ಲಿಂದ ಮುಂದೆ ಅಕ್ಕನಿಗೆ ಊಟ ರುಚಿಸಲಿಲ್ಲ. ಗ್ರೈಂಡರ್ ಚೀರಿದರೆ ಹತ್ತಿಯನ್ನು ಬಾಚಿ ಒಳಗೆ ಒಯ್ಯುವುದು, ನಿಂತರೆ ಮತ್ತೆ ಹರಡುವುದು. ಬಾಗಿಲ ಬಳಿ ಬಕೆಟ್ ನೀರು, ಒದ್ದೆ ಗೋಣಿಚೀಲ. ದಬ್ಬಣ ಹಾಸಿಗೆಯ ಮೇಲೆ, ಕಿವಿ ಹಿತ್ತಲಲ್ಲಿ.

ಆ ದಿನ ಬೆಳಗ್ಗೆಯೇ ಕರೆಂಟ್ ಹೋಗಿತ್ತು. ಕರೆಂಟ್ ಇಲ್ಲದಿದ್ದರೆ ಗ್ರೈಂಡರ್ ಎಲ್ಲಿಂದ? ಅಕ್ಕ ನಿರಾಳವಾಗಿ ಅಂಗಳದ ತುಂಬ ಹತ್ತಿ ಹರಡಿ, ಹೊಲಿದ ಹಾಸಿಗೆಗಳನ್ನು ಹಿಂದಿನ ಜಗಲಿಯಲ್ಲಿ ಒಂದರ ಮೇಲೊಂದು ಪೇರಿಸಿ ಅಂಗಡಿಗೆ ಬಂದು ಕೂತಳು. ಮಧ್ಯಾಹ್ನ ಕರೆಂಟ್ ಬಂತು. ಸ್ವಿಚ್ ಆರಿಸದೆ ಬಿಟ್ಟಿದ್ದ ಹಿಂಜುವ ಯಂತ್ರ ತಾನಾಗಿಯೇ ಗಡಗಡ ಎಂದು ತಿರುಗತೊಡಗಿತು. ಸದ್ಯ, ಕೆಲಸ ಸಾಗುತ್ತದೆ ಎಂದು ಅವಳು ಅದಕ್ಕೆ ಹತ್ತಿ ಕೊಡುತ್ತಾ ನಿಂತಳು. ಆ ಗದ್ದಲದಲ್ಲಿ ಪಕ್ಕದ ಗ್ರೈಂಡರ್ ಶುರುವಾದದ್ದು ಅವಳಿಗೆ ಕೇಳಲೇ ಇಲ್ಲ.

ಮೂಗಿಗೆ ಸುಟ್ಟ ಕಮಟು ಬಡಿದಾಗ ಕೈಯಲ್ಲಿದ್ದ ಹತ್ತಿಯನ್ನು ಅಲ್ಲೇ ಬಿಟ್ಟಳು. ಹಿಂದಕ್ಕೆ ಓಡಿದಳು. ಬಿಳಿ ಹತ್ತಿಯ ನಡುವೆ ಕಪ್ಪು ಮಚ್ಚೆಯೊಂದು ಅಂಚಿನಲ್ಲಿ ಕೆಂಪಾಗಿ ಅಗಲವಾಗುತ್ತಿತ್ತು. ಬಕೆಟ್ ಸುರಿದಳು. ಬೇಲಿಯಿಲ್ಲದ ಜಾಗದಿಂದ ಕಿಡಿ ಹಾರಿ ಬಂದು ಗೋಣಿಚೀಲ ಎತ್ತಿ ಬಡಿದ. ಹೊಗೆ ತಗ್ಗಿತು. ಆರಿತು ಎಂದು ಅವನು ಉಸಿರು ಬಿಟ್ಟ.

"ಆರಿಲ್ಲ ಕಣೋ," ಎಂದಳು ಅಕ್ಕ. ಅವಳು ನೋಡುತ್ತಿದ್ದದ್ದು ಜಗಲಿಯನ್ನು. ಹಾಸಿಗೆಗಳ ಪೇರಿಕೆಯಿಂದ ದಾರದಷ್ಟು ಸಣ್ಣ ಹೊಗೆ ಏಳುತ್ತಿತ್ತು.

ಹತ್ತಿಗೆ ಬಿದ್ದ ಬೆಂಕಿ ಮೇಲೆ ಉರಿಯದೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಪೇರಿಕೆಗೆಲ್ಲ ನೀರು ಹೊಯ್ದರೆ ಹಾಸ್ಟೆಲ್‌ನ ಕೆಲಸ ಮುಗಿದ ಹಾಗೆ. ಹೊಯ್ಯದಿದ್ದರೆ ಮನೆಯೇ ಹೋಗುತ್ತದೆ. ಅಕ್ಕ ಒಂದೊಂದು ಹಾಸಿಗೆಯ ಸಂದಿಗೂ ಕೈ ತೂರಿಸಿದಳು. ತಣ್ಣಗೆ. ತಣ್ಣಗೆ. ನಡುವೆ ಒಂದು, ಜ್ವರ ಬಂದ ಮೈಯಂತೆ ಬಿಸಿ.

"ಇದು," ಎಂದಳು.

ಕಿಡಿ ಕೈಗವಸಿಲ್ಲದ ಬರಿಗೈಯಲ್ಲೇ ಅದನ್ನು ಜಗ್ಗಿದ. ಬಟ್ಟೆ ಹರಿಯಿತು, ಗಾಳಿ ತಗುಲಿದ್ದೇ ಒಳಗಿನ ಕೆಂಡ ಭಗ್ಗೆಂದಿತು. ಅವನು ಬಿಡಲಿಲ್ಲ. "ನನ್ನ ಕಡೆ ಎಳಿ ಅಕ್ಕಾ, ನನ್ನ ಕಡೆ. ಅಲ್ಲಿ ಸುಡೋದಕ್ಕೆ ಏನೂ ಇಲ್ಲ." ಇಬ್ಬರೂ ಸೇರಿ ಅಂಗಳ ದಾಟಿಸಿ, ಬೇಲಿಯಿಲ್ಲದ ಜಾಗದಿಂದ ಅವನ ಕಬ್ಬಿಣದ ಪುಡಿ ಬಿದ್ದ ನೆಲಕ್ಕೆ ಎಸೆದರು. ಅದು ಅಲ್ಲೇ ಉರಿದು ಬೂದಿಯಾಯಿತು. ಒಂದು ಹಾಸಿಗೆ, ಅಂಗಳದಲ್ಲಿದ್ದ ಹತ್ತಿ ಹೋಯಿತು, ಉಳಿದದ್ದು ಉಳಿಯಿತು.

ಕಿಡಿಯ ಎರಡೂ ಅಂಗೈ ಸುಲಿದಿತ್ತು. ಡಾಕ್ಟರು ಬಟ್ಟೆ ಸುತ್ತಿ, ವಾಸಿಯಾಗುವವರೆಗೆ ಕಬ್ಬಿಣ ಮುಟ್ಟಬೇಡಿ ಎಂದರು. ಬೇಲಿಯ ಖರ್ಚೆಲ್ಲ ನನ್ನದೇ ಎಂದು ಅವನು ಹೆಂಡತಿಯ ಕೈಲಿ ಹೇಳಿ ಕಳಿಸಿದ. ಅದನ್ನು ಕೇಳಿ ಅಕ್ಕನಿಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಇನ್ನು ಏನು ಖರ್ಚು? ಬೇಲಿಗೆ ಬೇಕಾದದ್ದೆಲ್ಲ ಬೀದಿ ಕಡೆ ಜೋಡಿಯಾಗಿ ನಿಂತಿತ್ತು. ಒಂದನ್ನು ಹಿಂದಕ್ಕೆ ಸರಿಸುವುದಷ್ಟೇ ಬಾಕಿ, ಅದು ಮೊದಲ ದಿನದಿಂದಲೂ ಅಷ್ಟೇ ಬಾಕಿ ಇತ್ತು.

ಮಾರನೆಯ ದಿನ ಅವಳು ಸೆರಗು ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ತನ್ನ ತಗಡನ್ನು ತಾನೇ ಬಿಚ್ಚಿ ಹಿತ್ತಲಿಗೆ ಒಯ್ದು ಹಾಕತೊಡಗಿದಳು. ಕಿಡಿ ಬಂದು ಯಾವ ಬೋಲ್ಟ್ ಮೊದಲು, ಯಾವುದು ಆಮೇಲೆ ಎಂದು ಹೇಳುತ್ತಾ, ಹಿತ್ತಲಲ್ಲಿ ನೆಟ್ಟ ಕಂಬ ವಾಲದಂತೆ ಹೆಗಲು ಕೊಟ್ಟು ನಿಂತ. ಕೊನೆಯ ತಗಡು ಉಳಿದಾಗ ಅಕ್ಕ ಕೈ ನಿಲ್ಲಿಸಿದಳು.

"ಇದನ್ನ ಹಾಕಲ್ಲ. ಕೈ ವಾಸಿಯಾದ ಮೇಲೆ ಇಲ್ಲಿಗೊಂದು ಬಾಗಿಲು ಮಾಡ್ಕೊಡು."

"ಮಾಡೋಣ. ಚಿಲಕ ನಿನ್ನ ಕಡೆ ಇಡ್ತೀನಿ ಅಕ್ಕ. ಒಂಟಿ ಹೆಂಗಸು."

"ಬೇಡ, ನಿನ್ನ ಕಡೆಗೇ ಇರ್ಲಿ," ಎಂದಳು ಅಕ್ಕ. "ಹೊತ್ತಿಕೊಳ್ಳೋದು ನನ್ನ ಕಡೆ. ಓಡಿ ಬರೋನು ನೀನು."