ಯಾರ ಹೆಸರಿನ ಗೋಧಿ

ಮಿರೋಫೊರಾಳ ಗಂಡ ತೋಫಿಸ್ ಹರಕು ಬಾಯಿಯವನು. ಕಾಫಿ ಅಂಗಡಿಯಲ್ಲಿ ಕೂತು ಊರಿನ ಅರ್ಧ ಜನರನ್ನು ಕತ್ತೆಗಳು ಎಂದಿದ್ದ, ಉಳಿದವರನ್ನು ಕತ್ತೆಗಳ ನೆಂಟರು ಎಂದಿದ್ದ. ಅಂಥವನು ಸತ್ತ ಮೇಲೆ ಹೆಂಡತಿಗೆ ಒಂದೇ ಚಿಂತೆ. ವರ್ಷಕ್ಕೊಮ್ಮೆ ಗೋಧಿ ಬೇಯಿಸಿ, ಒಣದ್ರಾಕ್ಷಿ, ಬಾದಾಮಿ, ಎಳ್ಳು ಬೆರೆಸಿ ಇಗರ್ಜಿಯ ಬಾಗಿಲಲ್ಲಿ ಹಂಚಬೇಕು; ತಿಂದವರು ‘ದೇವರು ಅವನನ್ನು ಕ್ಷಮಿಸಲಿ’ ಅನ್ನಬೇಕು. ತೋಫಿಸನಂಥವನಿಗೆ ನಾಲ್ಕು ಬಾಯಿ ಸಾಲದು, ಊರಿಗೆ ಊರೇ ತಿನ್ನಬೇಕು ಎಂದು ಅವಳ ಲೆಕ್ಕ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅವನು ಸತ್ತದ್ದು ಮಾರ್ಚ್‌ನಲ್ಲಿ, ವರ್ಷವರ್ಷ ಗೋಧಿ ಹಂಚುವುದೂ ಆಗಲೇ. ಎಪ್ಪತ್ತನಾಲ್ಕರ ಮಾರ್ಚ್‌ನಲ್ಲಿ ಆಡು ಕಟ್ಟಲು ಹೋಗಿ ಬಿದ್ದು ಅವಳ ಕಾಲು ಮುರಿಯಿತು. ಹೇಗೂ ತಡವಾಯಿತಲ್ಲ, ಅವನು ಉಳುತ್ತಿದ್ದ ಹೊಲದ ಹೊಸ ಗೋಧಿಯಲ್ಲೇ ಮಾಡೋಣ ಎಂದು ಜುಲೈವರೆಗೆ ಕಾದಳು. ಪಾದ್ರಿ ಮೂರನೆಯ ಭಾನುವಾರ ಗೊತ್ತುಮಾಡಿದ.

ಆ ವಾರದ ಸೋಮವಾರವೇ ರಾಜಧಾನಿ ನಿಕೋಸಿಯಾದಲ್ಲಿ ದಂಗೆಯೆದ್ದ ಸೈನ್ಯದ ಟ್ಯಾಂಕುಗಳು ಅಧ್ಯಕ್ಷರ ಅರಮನೆಗೆ ನುಗ್ಗಿದವು. ಅಧ್ಯಕ್ಷರಾಗಿದ್ದ ಆರ್ಚ್‌ಬಿಷಪ್ ಮಕಾರಿಯೊಸ್ ಸತ್ತರೆಂದು ರೇಡಿಯೊ ಸಾರಿತು. ಮಧ್ಯಾಹ್ನ ಇನ್ನೊಂದು ರೇಡಿಯೊದಲ್ಲಿ ಅವರದೇ ದನಿ, ಬದುಕಿದ್ದೇನೆ ಎಂದು. ಅಲ್ಲಿಂದ ಊರಲ್ಲಿ ಗೋಡೆಗಳಿಗೂ ಕಿವಿ ಬಂತು. ದಂಗೆಯ ಕಡೆಯ ಹುಡುಗರು ಬಂದೂಕು ಹಿಡಿದು ರಸ್ತೆ ಕೂಡುವಲ್ಲಿ ನಿಂತರು, ಅಧ್ಯಕ್ಷರ ಕಡೆಯವರು ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರು.

ಇಷ್ಟರ ನಡುವೆ ಗುರುವಾರ ಮಿರೋಫೊರಾ ಪಕ್ಕದ ಮನೆಯ ಅನ್ನೂ ಹತ್ತಿರ ಒಂದು ಹಿಡಿ ಬಾದಾಮಿ ಕೇಳಲು ಹೋದಳು. ಯಾಕೆ ಎಂದು ಕೇಳಿದ್ದಕ್ಕೆ, ಮಕಾರಿತಿಸ್‌ಗೆ ಗೋಧಿ ಬೇಯಿಸಬೇಕು ಎಂದಳು. ಆ ಸೀಮೆಯವರು ಸತ್ತವರನ್ನು ಹಾಗೆಯೇ ಕರೆಯುವುದು, ಪುಣ್ಯವಂತ ಎಂದು. ಮಕಾರಿಯೊಸ್ ಅನ್ನುವುದೂ ಅದೇ ಬೇರಿನ ಮಾತು. ಅನ್ನೂಗೆ ಕೇಳಿಸಿದ್ದು ಎರಡನೆಯದು. ಬೇಕೆಂದೇ ಹಾಗೆ ಕೇಳಿಸಿಕೊಂಡಳೇ ಎಂಬ ಅನುಮಾನ ಮಿರೋಫೊರಾಳಿಗೆ ಬಹಳ ಕಾಲ ಉಳಿಯಿತು.

ಶುಕ್ರವಾರ ಗೋಧಿ ಬೇಯುತ್ತಿರುವಾಗಲೇ ಅನ್ನೂಳ ಮಗ ಪಿಯೆರಿಸ್ ಬಂದೂಕಿನೊಂದಿಗೆ ಒಳಗೆ ಬಂದ. ಮಿರೋಫೊರಾಳ ಕೈಯಲ್ಲೇ ಗಿಣ್ಣು ತಿಂದು ಬೆಳೆದವನು.

“ಅತ್ತೆ, ಈ ಗೋಧಿ ಯಾರದ್ದು?”

“ನಮ್ಮ ಮಕಾರಿತಿಸ್‌ದು ಕಣೋ.”

“ನೆಟ್ಟಗೆ ಹೇಳು. ಮಕಾರಿಯೊಸ್‌ದಾ?”

“ತೋಫಿಸ್‌ದು. ಕಿವೀಲಿ ಹತ್ತಿ ಇಟ್ಕೊಂಡಿದೀಯೇನೋ?”

“ತೋಫಿಸ್ ಮಾವ ಸತ್ತಿದ್ದು ಮಾರ್ಚ್‌ನಲ್ಲಿ. ನಿನ್ನ ಕಾಲು ಸರಿಹೋಗಿ ಎಷ್ಟು ದಿನ ಆಯ್ತು? ಈ ವಾರಾನೇ ನೆನಪಾಯ್ತಾ ನಿಂಗೆ?”

ಹೊಸ ಗೋಧಿಯ ಮಾತು ಅವನಿಗೆ ರುಚಿಸಲಿಲ್ಲ. ಭಾನುವಾರ ಇಗರ್ಜಿಯ ಬಾಗಿಲಲ್ಲೇ ನಿಂತಿರುತ್ತೇನೆ, ಯಾರು ತಿನ್ನುತ್ತಾರೋ ನೋಡುತ್ತೇನೆ ಎಂದು ಹೋದ.

ಅವನು ಆಚೆ ಹೋದದ್ದೇ ತಡ, ಹಿತ್ತಿಲ ಗೋಡೆಯ ಮೇಲೆ ಕಾಫಿ ಅಂಗಡಿಯ ಲೋಯಿಜೊಸ್‌ನ ತಲೆ ಕಂಡಿತು. ಇವನು ಅಧ್ಯಕ್ಷರ ಕಡೆಯವನು. ಬದುಕಿರುವವರ ಹೆಸರಲ್ಲಿ ಗೋಧಿ ಬೇಯಿಸಿದರೆ ಆಯುಸ್ಸು ತಗ್ಗುತ್ತದೆ, ಈ ಕೆಲಸ ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದ. ಅವಳು ತೋಫಿಸನ ಹೆಸರು ಹೇಳಿ ಆಣೆಯಿಟ್ಟಳು.

“ಹಾಗಾದ್ರೆ ಆ ಪಿಯೆರಿಸ್ ಯಾಕೆ ನಿನ್ನ ಮನೆ ಹೊಕ್ಕು ಹೋದ?” ಎಂದ ಲೋಯಿಜೊಸ್.

ಗೋಧಿಯನ್ನು ಬಟ್ಟೆಯ ಮೇಲೆ ಆರಹಾಕಿ ಅವಳು ಅತ್ತಳು. ಊರು ತನ್ನ ಬಗ್ಗೆ ಏನಾದರೂ ಅಂದುಕೊಳ್ಳಲಿ, ಒಂದು ಬಾಯಿಯೂ ಸಿಗದೆ ತೋಫಿಸ್ ಸ್ವರ್ಗದ ಬಾಗಿಲಲ್ಲಿ ಒಬ್ಬನೇ ಕಾಯಬೇಕಲ್ಲ ಎಂಬುದೇ ಅವಳ ಸಂಕಟ.

ಶನಿವಾರ ಬೆಳಕು ಹರಿಯುತ್ತಲೇ ಬೆಟ್ಟದಾಚೆಯಿಂದ ಟರ್ಕಿಯ ವಿಮಾನಗಳು ಬಂದವು. ಊರೆಲ್ಲ ಕೆಳಗಿನ ಕಂದಕದ ಕುರಿದೊಡ್ಡಿಗೆ ಓಡಿತು. ಬೇರೆಯವರು ಬಂಗಾರ, ಕಂಬಳಿ ತಂದರು. ಮಿರೋಫೊರಾ ಗೋಧಿಯ ಪಾತ್ರೆ ತಂದಳು.

ಭಾನುವಾರದ ಹೊತ್ತಿಗೆ ತಂದ ರೊಟ್ಟಿಯೆಲ್ಲ ಮುಗಿದಿತ್ತು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಪಾತ್ರೆಯ ಕಡೆ ಯಾರೂ ಕೈ ಚಾಚಲಿಲ್ಲ. ಈ ಕಡೆಯವರು ಆ ಕಡೆಯವರನ್ನು ನೋಡಿದರು, ಆ ಕಡೆಯವರು ಈ ಕಡೆಯವರನ್ನು. ಅಷ್ಟರಲ್ಲಿ ಪಿಯೆರಿಸ್ ಬಂದ, ಮೈಯೆಲ್ಲ ಧೂಳು. ಕಾದಾಡಲು ಕರಾವಳಿಗೆ ಕಳಿಸುತ್ತಿದ್ದಾರೆ, ಅಮ್ಮನ ಮುಖ ನೋಡಿ ಹೋಗಲು ಬಂದೆ ಎಂದ. ಆಮೇಲೆ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಮೊದಲು ನೀನು ತಿನ್ನು,” ಎಂದ. ಆಗಲೂ ಅನುಮಾನವೇ.

ಅವಳು ಒಂದು ಹಿಡಿ ತಿಂದಳು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದು, ಆಮೇಲೆ ತಾನೂ ಹಿಡಿ ತುಂಬಿಕೊಂಡ.

“ಎಲ್ರೆದುರು ನನ್ನನ್ನ ಕತ್ತೆ ಅಂದಿದ್ದ ನಿನ್ನ ಗಂಡ.”

“ಯಾರನ್ನ ಅಂದಿಲ್ಲ ಹೇಳು.”

ಪಿಯೆರಿಸ್ ಅಗಿದು ನುಂಗಿದ. “ದೇವರು ತೋಫಿಸ್ ಮಾವನ್ನ ಕ್ಷಮಿಸಲಿ,” ಎಂದು ಎದ್ದು ಗುಂಡಿನ ಸದ್ದಿದ್ದ ಕಡೆಗೆ ನಡೆದ. ಅವನ ಹಿಂದೆ ಲೋಯಿಜೊಸ್‌ನ ಕೈ ಬಂತು, ಆಮೇಲೆ ಎಲ್ಲರದೂ. ಪಾತ್ರೆ ತಳ ಕಂಡಿತು. ತೋಫಿಸ್‌ಗೆ ಊರಿಗೆ ಊರೇ ಸಿಕ್ಕಿತು.

ಟರ್ಕಿಯ ಸೈನ್ಯ ಹಿಡಿದ ಆ ಊರಿಗೆ ಮತ್ತೆ ಯಾರೂ ಹಿಂದಿರುಗಲಿಲ್ಲ. ದಕ್ಷಿಣದ ನಿರಾಶ್ರಿತರ ಡೇರೆಗಳಲ್ಲೂ ಮಿರೋಫೊರಾ, ಅನ್ನೂ ಅಕ್ಕಪಕ್ಕದವರೇ. ಪಿಯೆರಿಸ್ ಸತ್ತವರಲ್ಲೂ ಸಿಗಲಿಲ್ಲ, ಸೆರೆಯಿಂದ ಬಂದವರಲ್ಲೂ ಸಿಗಲಿಲ್ಲ. ಮಗನ ಹೆಸರಲ್ಲಿ ಅನ್ನೂ ಗೋಧಿ ಬೇಯಿಸಲಿಲ್ಲ, ಬದುಕಿದ್ದರೆ? ಅವನ ಪ್ರಸ್ತಾಪ ಬಂದಾಗಲೆಲ್ಲ ಮಿರೋಫೊರಾ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು, ಮಕಾರಿತಿಸ್ ಎಂಬ ಆ ಒಂದು ಮಾತು ಎಲ್ಲಿ ಜಾರಿಬಿಡುತ್ತದೋ ಎಂದು.

ಪ್ರತಿ ಮಾರ್ಚ್‌ನಲ್ಲೂ ತೋಫಿಸನ ಗೋಧಿಗೆ ಅನ್ನೂ ಬರುತ್ತಿದ್ದಳು. ಒಂದು ಹಿಡಿ ತಿಂದು ತೋಫಿಸನ ಹೆಸರು ಹೇಳುತ್ತಿದ್ದಳು. ಆಮೇಲೆ ಇನ್ನೊಂದು ಹಿಡಿ ತೆಗೆದುಕೊಂಡು, ಆ ಕಡೆ ತಿರುಗಿ, ಏನೂ ಹೇಳದೆ ತಿನ್ನುತ್ತಿದ್ದಳು. ಅದು ಯಾರದ್ದು ಎಂದು ಮಿರೋಫೊರಾ ಒಮ್ಮೆಯೂ ಕೇಳಲಿಲ್ಲ.