ನೀಲಿ ಬಣ್ಣದ ಕೆಳಗಿನ ಬೆಸುಗೆ

ಮಹಬೂಬ, ಅವತ್ತು ನೀನು ತೂಕ ತಪ್ಪಿ ಬೀಳಲಿಲ್ಲ. ನಾನು ಕಟ್ಟಿಕೊಟ್ಟ ಸೈಕಲ್ಲಿನ ಫೋರ್ಕ್ ಮುರಿದು ನೀನು ಬಿದ್ದೆ. ಅದು ಮುರಿಯಬಹುದು ಎಂದು ನನಗೆ ಮೊದಲೇ ಗೊತ್ತಿತ್ತು. ಇಷ್ಟು ಹೇಳದೆ ಹನ್ನೊಂದು ವರ್ಷ ನಿನ್ನ ಮನೆಯ ಚಹಾ ಕುಡಿದಿದ್ದೇನೆ — ಒಂದು ಸಲವೂ ಅದು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ, ನಾನು ಎಂಥವನೆಂದು ಅದರಿಂದಲೇ ತಿಳಿದುಕೋ.

ನಿನ್ನ ಎಡಗಾಲು ಹುಟ್ಟಿನಿಂದಲೇ ಎರಡು ಇಂಚು ಗಿಡ್ಡ. ನೀನು ಮೋಟೆಬೆನ್ನೂರಿನ ಮನೆಯಿಂದ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮಷೀನ್ ರೂಮ್ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸಿನ ಮೆಟ್ಟಿಲು ಎತ್ತರ, ಕಂಡಕ್ಟರನ ದನಿ ಅದಕ್ಕಿಂತ ಎತ್ತರ: "ಲಗೂ ಹತ್ತಪಾ, ನಿನ್ನ ಸಲುವಾಗಿ ಬಸ್ ನಿಂತೈತಿ!" ಒಂದು ದಿನ ನೀನು ನನ್ನ ಸೈಕಲ್ ಅಂಗಡಿಗೆ ಬಂದು ಕೂತು, "ನಿಂಗಾ, ನನ್ನ ಕಾಲಿಗೆ ಹೊಂದೂ ಹಂಗ ಒಂದು ರೇಸ್ ಸೈಕಲ್ ಮಾಡಿಕೊಡು. ಇನ್ನ ಯಾರೂ ನನ್ನ ಸಲುವಾಗಿ ನಿಲ್ಲೂದು ಬ್ಯಾಡ" ಎಂದೆ. ಜನ್ಮವಿಡೀ ಪಂಕ್ಚರ್ ಹಚ್ಚಿದವನಿಗೆ ಅಂಥ ಕೆಲಸ ಯಾರು ಕೊಟ್ಟಿದ್ದರು? ನಾನು ಉಬ್ಬಿಹೋದೆ.

ರಾಣೆಬೆನ್ನೂರಿನ ಗುಜರಿ ಅಂಗಡಿಯಲ್ಲಿ ಅರ್ಧ ದಿನ ಕೂತು ಬಾಗಿದ ಹ್ಯಾಂಡಲ್ಲು, ತೆಳ್ಳನೆಯ ರಿಮ್ಮು ಆರಿಸಿದೆವು. ನಿನ್ನನ್ನು ಗೋಡೆಗೆ ನಿಲ್ಲಿಸಿ ತೊಡೆಯಿಂದ ಹಿಮ್ಮಡಿಯವರೆಗೆ ಅಳೆದೆ — ಲಗ್ನದ ಅಂಗಿಗೂ ದರ್ಜಿ ಹಾಗೆ ಅಳೆಯುವುದಿಲ್ಲ ಎಂದು ನೀನು ನಕ್ಕಿದ್ದೆ. ಎಡಗಡೆಯ ಪೆಡಲಿಗೆ ಕಟ್ಟಿಗೆ ಕೂಡಿಸಿ ಎತ್ತರಿಸಿದೆ. ಪೈಪುಗಳನ್ನು ನಿನ್ನ ಮೈಯಳತೆಗೆ ಕೊಯ್ದು ಹಿತ್ತಾಳೆಯ ಬೆಸುಗೆ ಹಾಕಿದೆ. ಕೊನೆಗೆ ಉಳಿದದ್ದು ಫೋರ್ಕ್ — ಮುಂದಿನ ಗಾಲಿಯನ್ನು ಹಿಡಿದಿಡುವ ಆ ಕವಲು.

ಬ್ಯಾಡಗಿಯಲ್ಲಿ ಗ್ಯಾಸ್ ಬೆಸುಗೆ ಮಾಡುವವರಿಗೆಲ್ಲ ಒಂದು ಕಟ್ಟಳೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಉರಿ ಹಚ್ಚುವುದಿದ್ದರೆ ಮುಂಜಾನೆ, ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಬಿಚ್ಚುವ ಮೊದಲೇ ಮುಗಿಸಬೇಕು. ಆಮೇಲೆ ಗಾಳಿಯಲ್ಲೆಲ್ಲ ಘಾಟು, ಕಣ್ಣು ತೆರೆಯಲಾಗುವುದಿಲ್ಲ. ನನಗೆ ಅದು ಗೊತ್ತಿರಲಿಲ್ಲವೇ? ಆದರೆ ಮರುದಿನ ಸೈಕಲ್ ಮೇಲೆಯೇ ಕೆಲಸಕ್ಕೆ ಹೋಗುತ್ತೇನೆಂದು ನೀನು ಊರಿಗೆಲ್ಲ ಹೇಳಿದ್ದೆ. ನಾನು ನಡುಮಧ್ಯಾಹ್ನ ಉರಿ ಹಚ್ಚಿದೆ. ಸೀನು ಬಂತು — ಒಂದಲ್ಲ, ಏಳೆಂಟು. ಕಣ್ಣೀರು ಒರೆಸಿಕೊಂಡು ನೋಡುವಷ್ಟರಲ್ಲಿ ಉರಿ ಒಂದೇ ಕಡೆ ನಿಂತು ಕಬ್ಬಿಣ ಬೆಳ್ಳಗಾಗಿತ್ತು, ಕಿಡಿ ಹಾರುತ್ತಿತ್ತು. ಹಾಗೆ ಸುಟ್ಟ ಕಬ್ಬಿಣಕ್ಕೆ ಕಸುವಿರುವುದಿಲ್ಲ.

ತಪ್ಪನ್ನು ಘಾಟಿನ ಮೇಲೆ ಹಾಕಿಬಿಡಬಹುದು. ಹಾಕುವುದಿಲ್ಲ. ಸೀನು ಬಂದದ್ದು ನನ್ನ ತಪ್ಪಲ್ಲ; ಆಮೇಲೆ ಮಾಡಿದ್ದು ನನ್ನದು. ಆ ಫೋರ್ಕ್ ಎಸೆದು ಬೇರೆ ಮಾಡಲು ಎರಡು ದಿನ ಸಾಕಿತ್ತು. ನಾನು ಅದನ್ನು ಅರದಿಂದ ಉಜ್ಜಿ, ಮೇಲೆ ಪುಟ್ಟಿ ಮೆತ್ತಿ, ನೀನು ಕೇಳಿದ ನೀಲಿ ಬಣ್ಣ ಬಳಿದೆ. ಚೆಂದ ಕಂಡಿತು.

ಎಂಟು ತಿಂಗಳು ನೀನು ಬಸ್ಸಿಗಿಂತ ಮೊದಲು ಬ್ಯಾಡಗಿ ಮುಟ್ಟಿದೆ. ದಿನಾ ನನ್ನ ಅಂಗಡಿಯ ಮುಂದೆ ಗಂಟೆ ಬಾರಿಸಿ ಹೋಗುತ್ತಿದ್ದೆ. ನಾನು ಕೈ ಎತ್ತುತ್ತಿದ್ದೆ, ಕಣ್ಣು ಮಾತ್ರ ನಿನ್ನ ಮುಖಕ್ಕಲ್ಲ, ಫೋರ್ಕಿನ ತಲೆಗೆ ಹೋಗುತ್ತಿತ್ತು. ನಿಲ್ಲು ಎಂದು ಒಂದು ಮಾತು ಕೂಗಲು ಎಂಟು ತಿಂಗಳು ಅವಕಾಶವಿತ್ತು. ಕೂಗಲಿಲ್ಲ. ಇಷ್ಟು ದಿನ ತಾಳಿದ್ದು ಇನ್ನೂ ತಾಳೀತು ಎಂದು —

ಒಂದು ದಿನ ಇಳಿಜಾರಿನಲ್ಲಿ ನೀನು ಬಿದ್ದೆ. ನಿನ್ನ ಬಲಗಾಲಿನ, ಗಟ್ಟಿ ಕಾಲಿನ, ಮೊಣಕಾಲು ಚೂರಾಯಿತು. ನಿನ್ನನ್ನು ಹಾವೇರಿಗೆ ಒಯ್ದರು. ನಾನು ಮೊದಲು ಹೋದದ್ದು ನಿನ್ನ ಹತ್ತಿರವಲ್ಲ, ಸೈಕಲ್ಲಿನ ಹತ್ತಿರ. ಮುರಿದ ಜಾಗದಲ್ಲಿ ಅರ್ಧ ಹೊಸದಾಗಿ ಹೊಳೆಯುತ್ತಿತ್ತು, ಇನ್ನರ್ಧ ಆಗಲೇ ತುಕ್ಕು ಹಿಡಿದಿತ್ತು. ಬಿರುಕು ಎಂದೋ ಬಿಟ್ಟಿತ್ತು. ಅವತ್ತೇ ಆ ಫೋರ್ಕ್ ಬಿಚ್ಚಿ ಗುಜರಿಗೆ ಹಾಕಿ ಬೇರೆಯದನ್ನು ಕೂಡಿಸಿಟ್ಟು, ಆಮೇಲೆ ಆಸ್ಪತ್ರೆಗೆ ಬಂದೆ.

ನೀನು ಕೇಳಿದೆ: "ಖರೇ ಹೇಳು ನಿಂಗಾ. ಗಾಡೀದೇನರ ತಪ್ಪಿತ್ತೋ, ಇಲ್ಲಾ ನಾನ ಬಿದ್ದೆನೋ?"

"ಗಾಡಿ ಛಲೋನ ಇತ್ತು. ನೀನ ತೂಕ ತಪ್ಪೀದಿ" ಎಂದೆ.

ಮೊಣಕಾಲು ಕೂಡಿಕೊಂಡಿತು. ಮತ್ತೆ ಸೈಕಲ್ ಹೊಡೆಯಬಹುದು ಎಂದು ಡಾಕ್ಟರೇ ಹೇಳಿದ್ದರು. ನೀನು ಹೊಡೆಯಲಿಲ್ಲ. ತನ್ನ ಕಾಲನ್ನೇ ನಂಬದವನು ಮಷೀನ್ ರೂಮಿನ ಕಬ್ಬಿಣದ ಏಣಿ ಹೇಗೆ ಹತ್ತಿಯಾನು? ಆ ಕೆಲಸವನ್ನೂ ಬಿಟ್ಟೆ. ಈಗ ಮನೆಯಲ್ಲಿ ಹೆಂಡತಿ ಶಾಹಿದಾಳ ಜೊತೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತೀ. ಮೋಟೆಬೆನ್ನೂರಿನ ಆಚೆ ಹೋಗುವುದೇ ಇಲ್ಲ. ಗಾಡಿಯ ತಪ್ಪಿತ್ತೇ ಎಂದು ನೀನು ಕೇಳಿದ್ದಕ್ಕೆ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ಜನ ಬೆನ್ನ ಹಿಂದೆ ನಿನ್ನನ್ನು ಆಡಿಕೊಂಡಾಗ ನಾನು ಅಲ್ಲೇ ಇದ್ದೆ. ನೆಲ ಖಂಡಿತ ಡೊಂಕಾಗಿತ್ತು, ಮಹಬೂಬ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ನೀನು ಉಂಡೆ.

ಹೋದ ವಾರ ಶಾಹಿದಾ ಚಹಾ ತಂದಾಗ ನೀನು ಅವಳಿಗೆ ಹೇಳಿದೆ: "ಊರಾಗ ಎಲ್ಲಾರೂ ನನ್ನ ಸಮಾಧಾನಕ್ಕ ತಪ್ಪು ಗಾಡಿ ಮ್ಯಾಲ, ರಸ್ತೆ ಮ್ಯಾಲ ಹಾಕಿದ್ರು. ಇಂವಾ ಒಬ್ಬನ ನೋಡು, ಮುಖದ ಮ್ಯಾಲ ಖರೇ ಹೇಳಿದಾಂವ." ಅವಳು ನನ್ನತ್ತ ನೋಡಿ, "ನಿನ್ನಂಥಾ ಗೆಳ್ಯಾ ಸಿಗೂದು ಕಷ್ಟ ಐತಿ ನಿಂಗಣ್ಣಾ" ಎಂದಳು. ನಾನು ಹೂಂ ಎಂದೆ. ಹೂಂ ಎಂದೆ, ಮಹಬೂಬ — ಅದಕ್ಕೇ ಇದನ್ನು ಬರೆಯಲು ಕೂತೆ.

ಇದರಿಂದ ನಿನಗೆ ಏನೂ ಮರಳಿ ಬರುವುದಿಲ್ಲ. ಐವತ್ತೈದು ದಾಟಿದ ನಿನಗೆ ಆ ಕೆಲಸವನ್ನು ಯಾರೂ ಕೊಡುವುದಿಲ್ಲ, ಇಷ್ಟು ವರ್ಷ ಬಳಸದೆ ಮಡಚುವುದನ್ನೇ ಮರೆತ ಆ ಮೊಣಕಾಲು ಇನ್ನು ಪೆಡಲ್ ತುಳಿಯುವುದಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ. ನನ್ನ ಹೆದರಿಕೆ ಬೇರೆ. ತೋರಿಸಲು ಆ ಫೋರ್ಕ್ ಇಲ್ಲ. ಇವನೂ ಈಗ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡು ನೀನು ನಕ್ಕುಬಿಟ್ಟರೆ? ನನ್ನ ಒಂದು ಸುಳ್ಳನ್ನು ಅಷ್ಟು ಗಟ್ಟಿಯಾಗಿ ನಂಬಿದ್ದೀ ನೀನು.

ನಾಳೆ ಬರುತ್ತೇನೆ. ಶಾಹಿದಾಳ ಎದುರಿಗೇ ಇದನ್ನು ಓದುತ್ತೇನೆ. ನೀನು ನಂಬದಿದ್ದರೆ ನಾಡಿದ್ದು ಬಂದು ಮತ್ತೆ ಓದುತ್ತೇನೆ.